ಚೀಟಿ ಇಲ್ಲದ ಸಿರಿಂಜು: ಆರೋಗ್ಯ ಸಚಿವರಿಗೂ ಗೃಹ ಸಚಿವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ಮಾನ್ಯ ಗೃಹ ಸಚಿವರೇ,

ನಮಸ್ಕಾರ. ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ನಶೆಗೆ ಚುಚ್ಚಿಕೊಳ್ಳುವ ಹುಡುಗರಿಗೆ ಹೊಸ ಸೂಜಿ ಸಿಗಲಿ ಎಂದು ಕೇಳಲು ಆರೋಗ್ಯ ಇಲಾಖೆಗೆ ಹೋದರೆ ಇದು ಪೊಲೀಸರ ವಿಷಯ ಅನ್ನುತ್ತಾರೆ. ಪೊಲೀಸರ ಹತ್ತಿರ ಹೋದರೆ ಆಸ್ಪತ್ರೆಯವರನ್ನು ಕೇಳಿ ಅನ್ನುತ್ತಾರೆ. ಅದಕ್ಕೇ ಇಬ್ಬರೂ ಒಟ್ಟಿಗೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ನಾನು 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಒಂದು ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿ. ಊರಿನ ಹೆಸರು ಬರೆಯುವುದಿಲ್ಲ. ಈ ಪತ್ರದಲ್ಲಿ ಒಬ್ಬ ಹುಡುಗ ಬರುತ್ತಾನೆ, ಅವನ ತಾಯಿ ಇನ್ನೂ ಅದೇ ಬೀದಿಯಲ್ಲಿ ಓಡಾಡಬೇಕು.

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಅಂಗಡಿ ಮುಚ್ಚುವ ಹೊತ್ತು. ಅರ್ಧ ಶಟರ್ ಎಳೆದಿದ್ದೆ. ಅದರ ಕೆಳಗೆ ಬಗ್ಗಿ ಒಬ್ಬ ಹುಡುಗ ಒಳಗೆ ಬಂದ. ಇಪ್ಪತ್ತು, ಇಪ್ಪತ್ತೊಂದು ಇರಬಹುದು. ಏಪ್ರಿಲ್ ಸೆಕೆಯಲ್ಲೂ ತುಂಬು ತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಕೂಡ ಹಾಕಿದ್ದ. ಮೂಗು ಸೋರುತ್ತಿತ್ತು. ಆಕಳಿಕೆ ಮೇಲೆ ಆಕಳಿಕೆ. ಹತ್ತು ರೂಪಾಯಿ ನೋಟು ಕೌಂಟರ್ ಮೇಲಿಟ್ಟು, 'ಅಣ್ಣಾ, 2 ಎಂ.ಎಲ್. ಸಿರಿಂಜ್ ಒಂದು ಕೊಡಿ' ಅಂದ.

ಯಾಕೆ ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಔಷಧಿ ಮಾರಿದವನಿಗೆ ಅದು ಗೊತ್ತಾಗುತ್ತದೆ. ನೋವಿನ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವವರು ನಮ್ಮ ಕಡೆಯೂ ಇದ್ದಾರೆ. ಟಪೆಂಟಡಾಲ್ ಅನ್ನುವ ಮಾತ್ರೆಯ ಹೆಸರು ನಿಮ್ಮ ಪೊಲೀಸರಿಗೇ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವುದು ತಪ್ಪು, ನಾನು ಮಾರಿಲ್ಲ, ಮಾರುವುದೂ ಇಲ್ಲ. ಆದರೆ ಅವನು ಕೇಳಿದ್ದು ಮಾತ್ರೆ ಅಲ್ಲ, ಸಿರಿಂಜು.

ಅದಕ್ಕೆ ಎರಡು ವಾರ ಮೊದಲು ಅಂಗಡಿಯವರನ್ನೆಲ್ಲ ಕರೆಸಿ ಒಂದು ಸಭೆ ನಡೆದಿತ್ತು. 'ಚೀಟಿ ಇಲ್ಲದೆ ಯಾರಿಗೂ ಸಿರಿಂಜ್ ಕೊಡಬೇಡಿ, ಆಮೇಲೆ ನೀವೂ ಕೇಸಿಗೆ ಸಿಕ್ಕಿಕೊಳ್ಳುತ್ತೀರಿ' ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಬರಹದಲ್ಲಿ ಏನೂ ಕೊಟ್ಟಿರಲಿಲ್ಲ. ನನಗೆ ಭಯ. ಸಿರಿಂಜ್ ಇಲ್ಲ ಎಂದೆ. ಅವನ ಕಣ್ಣು ನನ್ನ ಬೆನ್ನ ಹಿಂದಿನ ಡಬ್ಬದ ಮೇಲೇ ಇತ್ತು. ನೂರು ಸಿರಿಂಜಿನ ಡಬ್ಬ, ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ಒಂದು ಮಾತೂ ಆಡದೆ ನೋಟು ಎತ್ತಿಕೊಂಡು ಹೋದ.

ಎಂಟು ತಿಂಗಳ ಮೇಲೆ ಅವನ ತಾಯಿ ಬಂದರು. ಮಗನ ತೋಳಿನಲ್ಲಿ ಕೀವು ತುಂಬಿತ್ತು, ಡ್ರೆಸ್ಸಿಂಗ್ ಸಾಮಾನು ಬೇಕಿತ್ತು. ಚೀಟಿ ಹುಡುಕಲು ಫೈಲು ಬಿಚ್ಚಿದಾಗ ಎರಡು ರಿಪೋರ್ಟು ಕಣ್ಣಿಗೆ ಬಿತ್ತು. ಎಚ್‌ಐವಿ ಪಾಸಿಟಿವ್. ಹೆಪಟೈಟಿಸ್ ಸಿ ಪಾಸಿಟಿವ್. 'ಎಲ್ಲೂ ಸೂಜಿ ಸಿಗಲ್ಲ ಅಂತ ಮೂರು ಜನ ಒಂದೇ ಸೂಜಿ ಇಟ್ಕೊಂಡಿದ್ರಂತೆ' ಎಂದರು ಆ ತಾಯಿ. ನಾನು ಕೊಡದ ಆ ರಾತ್ರಿಯೇ ಸೋಂಕು ತಗುಲಿತು ಎಂದು ಹೇಳಲಾರೆ, ಅದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ 'ಎಲ್ಲೂ' ಎಂಬ ಮಾತಿನಲ್ಲಿ ನನ್ನ ಅಂಗಡಿಯೂ ಇತ್ತು.

ಅಂದಿನಿಂದ ನಾನು ಬೇರೆ ದೇಶದವರು ಏನು ಮಾಡಿದರು ಎಂದು ಓದುತ್ತಾ ಬಂದಿದ್ದೇನೆ. ನಾನು ದೊಡ್ಡ ಓದಿನವನಲ್ಲ, ಡಿ.ಫಾರ್ಮಾ ಅಷ್ಟೇ. ಓದುತ್ತಾ ಹೋದಂತೆ ನನಗೆ ಆಶ್ಚರ್ಯವಾಗಿದ್ದು, ಈ ಕಥೆ ಹಲವು ಕಡೆ ಒಂದು ಅಂಗಡಿಯ ಕೌಂಟರ್‌ನಲ್ಲೇ ಶುರುವಾಗಿರುವುದು.

ಆಮ್ಸ್ಟರ್‌ಡ್ಯಾಮ್‌ ಕಥೆ ಹಾಗೇ ಇದೆ. ಊರಿನ ನಡುವೆ ಇದ್ದ ಒಂದು ದೊಡ್ಡ ಔಷಧಿ ಅಂಗಡಿ ನಶೆಯವರಿಗೆ ಸಿರಿಂಜ್ ಮಾರುವುದನ್ನು ನಿಲ್ಲಿಸಿತು. ಕಾಮಾಲೆ ಹರಡೀತು ಎಂದು ಹೆದರಿದವರು ಯಾರು ಗೊತ್ತೇ? ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರೇ. ಅವರದೇ ಒಂದು ಸಂಘ ಇತ್ತು. 1984ರಲ್ಲಿ ಆ ಸಂಘದವರು ಹಳೆಯ ಸೂಜಿ ತಂದುಕೊಟ್ಟರೆ ಹೊಸ ಸೂಜಿ ಕೊಡುವ ಕೆಲಸ ಶುರು ಮಾಡಿದರು. ಸೂಜಿ ವಿನಿಮಯ ಎಂದು ಇವತ್ತು ಜಗತ್ತು ಕರೆಯುವುದು ಅಲ್ಲಿಂದ ಬಂದದ್ದು.

ಎಡಿನ್‌ಬರೊ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಕಾಟ್ಲೆಂಡಿನ ಆ ಊರಿಗೆ 1980ರ ದಶಕದ ಮೊದಲಲ್ಲಿ ಅಗ್ಗದ ಹೆರಾಯಿನ್ ಬಂತು. ಪೊಲೀಸರು ಬಿಗಿ ಮಾಡಿದರು. ಯಾರ ಜೇಬಿನಲ್ಲಿ ಸಿರಿಂಜ್ ಸಿಕ್ಕರೂ ಕಿತ್ತುಕೊಂಡರು. ಸಿರಿಂಜ್ ಮಾರುತ್ತಿದ್ದ ಅಂಗಡಿಯೂ ಮಾರುವುದನ್ನು ನಿಲ್ಲಿಸಿತು. ಚುಚ್ಚಿಕೊಳ್ಳುವುದು ನಿಂತಿತೇ? ಇಲ್ಲ. ಒಂದೊಂದು ಮನೆಯಲ್ಲಿ ಹತ್ತಿಪ್ಪತ್ತು ಜನ ಸೇರಿ ಒಂದೇ ಸೂಜಿ ಬಳಸಿದರು. ಎಚ್‌ಐವಿ ಪರೀಕ್ಷೆ ಆಗ ತಾನೇ ಬಂದಿತ್ತು. ಅಲ್ಲಿನ ಒಂದು ಬಡಾವಣೆಯ ಡಾಕ್ಟರ್ ರಾಯ್ ರಾಬರ್ಟ್‌ಸನ್ ಮತ್ತು ಜೊತೆಯವರು ತಮ್ಮ ಹೆರಾಯಿನ್ ರೋಗಿಗಳ ರಕ್ತ ಪರೀಕ್ಷೆ ಮಾಡಿಸಿ 1986ರಲ್ಲಿ ಲೆಕ್ಕ ಪ್ರಕಟಿಸಿದರು. ಶೇ. 51 ಜನಕ್ಕೆ ಎಚ್‌ಐವಿ ಇತ್ತು. ಅದೇ ದೇಶದ, ರೈಲಿನಲ್ಲಿ ಒಂದು ಗಂಟೆ ದೂರದ ಗ್ಲಾಸ್ಗೊದಲ್ಲೂ ಹೆರಾಯಿನ್ ಅಷ್ಟೇ ಇತ್ತು. ಆದರೆ ಅಲ್ಲಿ ಸಿರಿಂಜಿಗೆ ಅಷ್ಟು ಬರ ಇರಲಿಲ್ಲ. ಎಚ್‌ಐವಿ ಪ್ರಮಾಣವೂ ಇದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಮರುವರ್ಷವೇ ಬ್ರಿಟನ್ನಿನಲ್ಲಿ ಸರ್ಕಾರದ ಕಡೆಯಿಂದಲೇ ಸೂಜಿ ವಿನಿಮಯ ಕೇಂದ್ರಗಳು ಪ್ರಯೋಗವಾಗಿ ಶುರುವಾದವು. ಆಗ ಪ್ರಧಾನಿಯಾಗಿದ್ದವರು ಮಾರ್ಗರೆಟ್ ಥ್ಯಾಚರ್. ನಶೆಯವರ ಬಗ್ಗೆ ಅವರು ಮೃದು ಎಂದು ಯಾರೂ ಹೇಳುವಂತಿರಲಿಲ್ಲ.

ಪೋರ್ಚುಗಲ್ಲಿನ ಮಾತು ನಿಮಗೆ ಅಧಿಕಾರಿಗಳು ಹೇಳಿರಬಹುದು. 2001ರ ಜುಲೈನಿಂದ ಅಲ್ಲಿ ಹತ್ತು ದಿನದ ಸ್ವಂತ ಬಳಕೆಗಾಗುವಷ್ಟು ಮಾಲು ಇಟ್ಟುಕೊಂಡವನ ಮೇಲೆ ಕ್ರಿಮಿನಲ್ ಕೇಸಿಲ್ಲ. ಮಾರುವುದು ಈಗಲೂ ಅಪರಾಧವೇ. ಸಿಕ್ಕಿಬಿದ್ದವನು ಕೋರ್ಟಿಗೆ ಹೋಗುವುದಿಲ್ಲ, ಒಂದು ಚಿಕ್ಕ ಸಮಿತಿಯ ಮುಂದೆ ಕೂರುತ್ತಾನೆ. ಅದರಲ್ಲಿ ಕಾನೂನು ಬಲ್ಲವರು, ಆರೋಗ್ಯದವರು, ಸಮಾಜ ಕಾರ್ಯದವರು ಇರುತ್ತಾರೆ. ಈ ಕಾನೂನಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಮುಖ್ಯ ಅನಿಸಿದ್ದು ಅದಕ್ಕೂ ಎಂಟು ವರ್ಷ ಮೊದಲಿನ ಸಂಗತಿ. 1993ರಲ್ಲೇ ಆ ದೇಶದ ಔಷಧಿ ಅಂಗಡಿಗಳು ಬಳಸಿದ ಸಿರಿಂಜ್ ವಾಪಸ್ ತೆಗೆದುಕೊಂಡು ಹೊಸದನ್ನು ಪುಕ್ಕಟೆ ಕೊಡಲು ಒಪ್ಪಿದವು. 'ಸೆಕೆಂಡ್ ಹ್ಯಾಂಡ್ ಸಿರಿಂಜ್ ಬೇಡ ಅನ್ನಿ' ಎಂಬುದು ಆ ಕಾರ್ಯಕ್ರಮದ ಹೆಸರು. ನನ್ನಂಥ ಅಂಗಡಿಯವರೇ ಅದನ್ನು ನಡೆಸಿದ್ದು. 2001ರಲ್ಲಿ ಚುಚ್ಚಿಕೊಳ್ಳುವವರಲ್ಲಿ ಹೊಸದಾಗಿ ಸಾವಿರಕ್ಕೂ ಜಾಸ್ತಿ ಎಚ್‌ಐವಿ ಪ್ರಕರಣ ಪತ್ತೆಯಾಗಿದ್ದ ದೇಶದಲ್ಲಿ 2017ರಲ್ಲಿ ಸಿಕ್ಕಿದ್ದು 18. ಕಾನೂನು, ಸೂಜಿ, ಹೆರಾಯಿನ್ ಬದಲು ಬಾಯಿಗೆ ಕೊಡುವ ಮೆಥಡೋನ್ ಔಷಧಿ, ಬೀದಿಗೆ ಹೋಗಿ ಮಾತಾಡಿಸುವ ಕಾರ್ಯಕರ್ತರು, ಎಲ್ಲ ಒಟ್ಟಿಗೆ ಸೇರಿ ಆದದ್ದು ಅದು. ಇತ್ತೀಚೆಗೆ ಅಲ್ಲಿ ಹಣ ಕಡಿಮೆಯಾದ ಮೇಲೆ ಪೋರ್ಟೊ ನಗರದ ಬೀದಿಗಳಲ್ಲಿ ಮತ್ತೆ ಚುಚ್ಚಿಕೊಳ್ಳುವವರು ಕಾಣುತ್ತಿದ್ದಾರೆ ಎಂಬ ದೂರೂ ಇದೆ.

ಸ್ವಿಟ್ಜರ್ಲೆಂಡ್ ಬಗ್ಗೆ ನಮ್ಮವರಿಗೆ ಗೊತ್ತಿರುವುದು ಹಿಮ ಮತ್ತು ಸಿನಿಮಾ ಹಾಡಿನ ಶೂಟಿಂಗ್. ಅದೇ ದೇಶದ ಜ್ಯೂರಿಕ್‌ನಲ್ಲಿ, ರೈಲು ನಿಲ್ದಾಣದ ಹಿಂದೆ ಪ್ಲಾಟ್ಸ್‌ಪಿಟ್ಸ್ ಎಂಬ ಉದ್ಯಾನವಿದೆ. 1980ರ ದಶಕದ ಕೊನೆಗೆ ಅಲ್ಲಿ ನೂರಾರು ಜನ ಹಗಲಲ್ಲೇ ಹೆರಾಯಿನ್ ಚುಚ್ಚಿಕೊಂಡು ಬಿದ್ದಿರುತ್ತಿದ್ದರು. 1992ರ ಫೆಬ್ರವರಿಯಲ್ಲಿ ಪೊಲೀಸರು ಅದನ್ನು ಖಾಲಿ ಮಾಡಿಸಿ ಗೇಟು ಹಾಕಿದರು. ಜನ ಎಲ್ಲಿ ಹೋದರು? ಹತ್ತಿರದ ಲೆಟೆನ್ ಎಂಬ ಹಳೆಯ ರೈಲು ನಿಲ್ದಾಣಕ್ಕೆ. ಮೂರು ವರ್ಷದ ನಂತರ ಲೆಟೆನ್ ಕೂಡ ಮುಚ್ಚಿದರು. ಆದರೆ ಈ ಸಲ ಬರೀ ಲಾಠಿ ಹಿಡಿದು ಬರಲಿಲ್ಲ. ಅಷ್ಟರಲ್ಲಿ ಮೆಥಡೋನ್ ಸುಲಭವಾಗಿ ಸಿಗುತ್ತಿತ್ತು. ಬೇರೆ ಯಾವ ಚಿಕಿತ್ಸೆಗೂ ಬಗ್ಗದವರಿಗೆ 1994ರಿಂದ ಡಾಕ್ಟರ ಕಣ್ಣೆದುರಲ್ಲಿ ಶುದ್ಧ ಹೆರಾಯಿನ್ನನ್ನೇ ಔಷಧಿಯಾಗಿ ಕೊಡತೊಡಗಿದ್ದರು. ಓದಿದಾಗ ನನಗೂ ಇದು ಅತಿಯಾಯಿತು ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಮನೆಗಳವು ಕಡಿಮೆಯಾಯಿತು, ಸಾವು ಕಡಿಮೆಯಾಯಿತು. 2008ರಲ್ಲಿ ಜನರ ಮುಂದೆಯೇ ಮತಕ್ಕೆ ಇಟ್ಟರು. ಶೇ. 68 ಜನ ಇರಲಿ ಎಂದರು. ಸ್ವಿಸ್ ಜನ ಸಂಪ್ರದಾಯಸ್ಥರು, ಅಲ್ಲಿ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದೇ 1971ರಲ್ಲಿ. ಅಂಥವರು ಇದನ್ನು ಒಪ್ಪಿದ್ದು ಕಣ್ಣಾರೆ ನೋಡಿದ್ದರಿಂದ.

'ಅದೆಲ್ಲ ಯುರೋಪು, ನಮ್ಮ ಸಂಸ್ಕೃತಿಗೆ ಆಗುವುದಿಲ್ಲ' ಎಂದು ಯಾರಾದರೂ ನಿಮಗೆ ಹೇಳುತ್ತಾರೆ. ಅವರಿಗೆ ಇರಾನ್ ತೋರಿಸಿ. ಮದ್ಯಕ್ಕೆ ಛಡಿಯೇಟು, ಮಾದಕ ವಸ್ತು ಸಾಗಿಸಿದವರಿಗೆ ಗಲ್ಲು ಇರುವ ದೇಶ ಅದು. ಅಲ್ಲಿನ ಜೈಲುಗಳಲ್ಲಿ ಎಚ್‌ಐವಿ ಹರಡಿದ್ದು ಗೊತ್ತಾದಾಗ ಅಲ್ಲಿನವರೇ ದಾರಿ ಬದಲಿಸಿದರು. ಕೆರ್ಮಾನ್‌ಶಾ ನಗರದಲ್ಲಿ ಇಬ್ಬರು ಡಾಕ್ಟರ್ ಸಹೋದರರು ಚಟ, ಎಚ್‌ಐವಿ, ಲೈಂಗಿಕ ರೋಗ ಮೂರಕ್ಕೂ ಒಂದೇ ಕಡೆ ಚಿಕಿತ್ಸೆ ಕೊಡುವ ಕ್ಲಿನಿಕ್ ಮಾಡಿದರು. 2005ರಲ್ಲಿ ನ್ಯಾಯಾಂಗದ ಮುಖ್ಯಸ್ಥರಾಗಿದ್ದ ಆಯತೊಲ್ಲಾ ಶಹರೂದಿ, ಸೂಜಿ ಕೊಡುವವರಿಗೆ, ಮೆಥಡೋನ್ ಕೊಡುವವರಿಗೆ ಅಡ್ಡಿ ಮಾಡಬೇಡಿ ಎಂದು ನ್ಯಾಯಾಧೀಶರಿಗೆ ಬರಹದಲ್ಲೇ ಸೂಚನೆ ಕಳಿಸಿದರು. ಜೈಲಿನ ಒಳಗೂ ಮೆಥಡೋನ್ ಸಿಗತೊಡಗಿತು. ಮಲೇಷ್ಯಾ ಕೂಡ ಅದೇ ಸುಮಾರಿಗೆ ಶುರು ಮಾಡಿತು. ಕ್ವಾಲಾಲಂಪುರದ ಒಂದು ಮಸೀದಿಯಲ್ಲೇ ಮೆಥಡೋನ್ ಕೊಡುವ ಏರ್ಪಾಡಾಯಿತು.

ಇನ್ನು ಬೇಡ ಎಂದವರ ಕಥೆ. ರಷ್ಯಾದಲ್ಲಿ ಚಟದ ಚಿಕಿತ್ಸೆಗೆ ಮೆಥಡೋನ್ ಕೊಡುವುದೇ ನಿಷೇಧ. 2014ರಲ್ಲಿ ಕ್ರಿಮಿಯಾ ಅವರ ಕೈಗೆ ಹೋಯಿತು. ಉಕ್ರೇನಿನ ಕಾಲದಲ್ಲಿ ಅಲ್ಲಿ ಸುಮಾರು 800 ಜನ ದಿನಾ ಔಷಧಿ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಅದು ಒಮ್ಮೆಗೇ ನಿಂತಿತು. ವರ್ಷ ತುಂಬುವ ಮೊದಲೇ ಅವರಲ್ಲಿ 80ರಿಂದ 100 ಜನ ಸತ್ತರು ಎಂದು ವಿಶ್ವಸಂಸ್ಥೆಯ ಏಡ್ಸ್ ಪ್ರತಿನಿಧಿಯಾಗಿದ್ದ ಮಿಷೆಲ್ ಕಝಾಚ್‌ಕಿನ್ ಹೇಳಿದರು. ನಾನು ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಮಾರುತ್ತೇನೆ. ನಾಳೆಯಿಂದ ಇನ್ಸುಲಿನ್ ಇಲ್ಲ ಎಂದು ಹೇಳಿದರೆ ಹೇಗಿರುತ್ತದೆ ಎಂದು ಯೋಚಿಸಿದೆ.

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಆಸ್ಟಿನ್ ಎಂಬ ಚಿಕ್ಕ ಊರಿದೆ. ನಾಲ್ಕು ಸಾವಿರ ಚಿಲ್ಲರೆ ಜನ. ಅಲ್ಲಿನವರು ಚುಚ್ಚಿಕೊಳ್ಳುತ್ತಿದ್ದದ್ದು ಹೆರಾಯಿನ್ ಅಲ್ಲ, ನೋವಿನ ಮಾತ್ರೆ. ಕರಗಿಸಿ, ನರಕ್ಕೆ. ನಮ್ಮ ಹುಡುಗರ ಹಾಗೇ. ರಾಜ್ಯದಲ್ಲಿ ಸೂಜಿ ವಿನಿಮಯಕ್ಕೆ ಅವಕಾಶ ಇರಲಿಲ್ಲ. 2015ರಲ್ಲಿ ಎಚ್‌ಐವಿ ಪ್ರಕರಣ ಒಂದರ ಹಿಂದೆ ಒಂದು ಬಂದವು. ರಾಜ್ಯಪಾಲ ಮೈಕ್ ಪೆನ್ಸ್ ಮೊದಲಿನಿಂದ ಇದಕ್ಕೆ ವಿರುದ್ಧ. ಕೊನೆಗೆ ಮಾರ್ಚ್‌ನಲ್ಲಿ ಅವರೇ ತುರ್ತು ಪರಿಸ್ಥಿತಿ ಘೋಷಿಸಿ ಸೂಜಿ ಕೊಡಲು ಒಪ್ಪಿದರು. ಹೊಸ ಪ್ರಕರಣ ಇಳಿಯತೊಡಗಿತು, ಆದರೆ ಅಷ್ಟರಲ್ಲಿ ತಡವಾಗಿತ್ತು. ಆ ಊರು ಸೇರಿದ ಪುಟ್ಟ ಕೌಂಟಿಯಲ್ಲಿ, ಅಂದರೆ ಅವರ ಜಿಲ್ಲೆಯಲ್ಲಿ, ಸೋಂಕು ತಗುಲಿದವರ ಸಂಖ್ಯೆ 200 ದಾಟಿತು. ನಮ್ಮ ಒಂದು ಹೋಬಳಿಯಷ್ಟು ಜನ ಇರುವ ಜಾಗ. ಈ ಊರಿನ ಕಥೆಯನ್ನು ನೀವಿಬ್ಬರೂ ನಿಧಾನವಾಗಿ ಓದಬೇಕು. ನಮ್ಮಲ್ಲಿ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಎಲ್ಲ ಪ್ರಯೋಗವೂ ಗೆದ್ದಿದೆ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಅದೇ ಅಮೆರಿಕದ ಆರೆಗಾನ್ ರಾಜ್ಯದವರು 2020ರಲ್ಲಿ ಮತ ಹಾಕಿ ಕ್ರಿಮಿನಲ್ ಕೇಸು ತೆಗೆದರು. ಚಿಕಿತ್ಸೆಯ ಏರ್ಪಾಡು ತಯಾರಿರಲಿಲ್ಲ, ಹಣ ತಡವಾಗಿ ಬಂತು. ಅಷ್ಟರಲ್ಲಿ ಫೆಂಟನಿಲ್ ಎಂಬ ಭಾರಿ ವಿಷ ಊರು ತುಂಬಿತು. ಜನ ಬೇಸತ್ತರು. 2024ರಲ್ಲಿ ಕ್ರಿಮಿನಲ್ ಕೇಸು ವಾಪಸ್ ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕೂಡ ಅದೇ ವರ್ಷ ಸಾರ್ವಜನಿಕ ಜಾಗದಲ್ಲಿ ಬಳಸುವುದಕ್ಕೆ ಕೊಟ್ಟಿದ್ದ ಸಡಿಲಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಅದೇ ಪ್ರಾಂತದ ವ್ಯಾಂಕೂವರ್‌ನಲ್ಲಿ 2003ರಿಂದ ನರ್ಸ್‌ಗಳ ಎದುರು ಚುಚ್ಚಿಕೊಳ್ಳುವ ಕೇಂದ್ರ ಇದೆ. ಕೆನಡಾದ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ಹೊರಟಾಗ 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಮುಚ್ಚಬೇಡಿ ಎಂದರು. ನಾನು ನಿಮ್ಮನ್ನು ಅಂಥ ಕೇಂದ್ರ ತೆರೆಯಿರಿ ಎಂದು ಕೇಳುತ್ತಿಲ್ಲ. ನನ್ನ ಬೇಡಿಕೆ ಅದಕ್ಕಿಂತ ತುಂಬಾ ಚಿಕ್ಕದು.

ದೂರದ ಮಾತು ಯಾಕೆ, ನಮ್ಮ ಮಣಿಪುರ ಇದೆಯಲ್ವಾ. ಬರ್ಮಾ ಗಡಿಯಿಂದ ಹೆರಾಯಿನ್ ಬರುತ್ತಿತ್ತು. 1989ರ ಕೊನೆಗೆ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಕಾಣಿಸಿತು, ಒಂದು ವರ್ಷ ಕಳೆಯುವುದರೊಳಗೆ ಪರೀಕ್ಷೆ ಮಾಡಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಹರಡಿತ್ತು. ಆಮೇಲೆ ಅವರ ಹೆಂಡತಿಯರಿಗೆ, ಹುಟ್ಟಿದ ಮಕ್ಕಳಿಗೆ. 1996ರಲ್ಲಿ ಮಣಿಪುರ ಸರ್ಕಾರ ತನ್ನದೇ ಏಡ್ಸ್ ನೀತಿ ಮಾಡಿ, ಸೂಜಿ ಕೊಡುವ ಕೆಲಸಕ್ಕೂ ಅದರಲ್ಲಿ ಜಾಗ ಮಾಡಿಕೊಟ್ಟಿತು. ಪಂಜಾಬ್ 2018ರಿಂದ ಹೊರರೋಗಿ ಕ್ಲಿನಿಕ್‌ಗಳಲ್ಲಿ ಬ್ಯುಪ್ರೆನಾರ್ಫಿನ್ ಕೊಡುತ್ತಿದೆ.

ಈ ಮಾತ್ರೆಯ ಬಗ್ಗೆ ಎರಡು ಮಾತು. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಚಿಕ್ಕ ಮಾತ್ರೆ. ಹೆರಾಯಿನ್, ಟಪೆಂಟಡಾಲ್ ಮಿದುಳಿನಲ್ಲಿ ಕೂರುವ ಜಾಗದಲ್ಲೇ ಇದೂ ಹೋಗಿ ಕೂರುತ್ತದೆ, ಆದರೆ ಪೂರ್ತಿ ಕೆಲಸ ಮಾಡುವುದಿಲ್ಲ. ಅದರಿಂದ ಮೈ ಮುರಿಯುವುದು, ಭೇದಿ, ನಡುಕ ನಿಲ್ಲುತ್ತದೆ. ತಲೆ ತಿರುಗುವಂಥ ನಶೆ ಏರುವುದಿಲ್ಲ. ದಿನಕ್ಕೊಮ್ಮೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನೂ ಮೆಥಡೋನನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತೀರಿ ಎಂದು ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ಆ ತಾಯಿಯ ಹತ್ತಿರ ಹೋಗಿ ಆ ಮಾತು ಹೇಳಲಿ.

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಕಾನೂನೂ ನಮ್ಮಲ್ಲಿ ಪೂರ್ತಿ ಎದುರಾಗಿಲ್ಲ. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 64ಎ, ತಾನಾಗಿ ಚಿಕಿತ್ಸೆಗೆ ಬಂದವನನ್ನು ಕೇಸಿನಿಂದ ಬಿಡುತ್ತದೆ. 2017ರ ಎಚ್‌ಐವಿ ಕಾಯ್ದೆಯ ಸೆಕ್ಷನ್ 22 ಇನ್ನೂ ಸ್ಪಷ್ಟ. ಸರ್ಕಾರದ ಮಾರ್ಗಸೂಚಿಯಂತೆ ಸೂಜಿ ವಿನಿಮಯ ನಡೆಸುವವರು, ಅಲ್ಲಿ ಸೂಜಿ ತೆಗೆದುಕೊಳ್ಳುವವರು ಇಬ್ಬರೂ ಅಪರಾಧಿಗಳಲ್ಲ. ಕಾಯ್ದೆಯೊಳಗೇ ಉದಾಹರಣೆ ಕೊಟ್ಟು ಬರೆದಿದ್ದಾರೆ. ಇದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಆ ರಾತ್ರಿ ನನಗೆ ಇದು ಗೊತ್ತಿರಲಿಲ್ಲ. ನಮ್ಮ ಸಭೆಯಲ್ಲಿ ಹೇಳಿದವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆದರೆ ನನ್ನಂಥ ಸಾಮಾನ್ಯ ಅಂಗಡಿಯವನಿಗೆ ಈ ರಕ್ಷಣೆ ಬರಬೇಕಾದರೆ ಸರ್ಕಾರ ನಮ್ಮನ್ನು ಆ ಕಾರ್ಯಕ್ರಮದೊಳಗೆ ಸೇರಿಸಿಕೊಳ್ಳಬೇಕು.

ಅದನ್ನೇ ಕೇಳುತ್ತಿದ್ದೇನೆ. ಒಪ್ಪಿ ಮುಂದೆ ಬರುವ ಔಷಧಿ ಅಂಗಡಿಗಳನ್ನು ನೋಂದಾಯಿಸಿಕೊಳ್ಳಿ. ಹಳೆಯ ಸೂಜಿ ವಾಪಸ್ ಪಡೆದು ಹೊಸದು ಕೊಡುವುದು ಹೇಗೆ, ಹಳೆಯದನ್ನು ಎಲ್ಲಿಗೆ ಕಳಿಸಬೇಕು ಎಂದು ತಿಳಿಸಿ. ಗೃಹ ಸಚಿವರೇ, ಸಿರಿಂಜ್ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಹುಡುಗರನ್ನು ಹಿಡಿಯಬೇಡಿ ಎಂದು ಠಾಣೆಗಳಿಗೆ ಬರಹದಲ್ಲಿ ತಿಳಿಸಿ. ಮಾತ್ರೆಯನ್ನು ಪೆಟ್ಟಿಗೆಗಟ್ಟಲೆ ಕದ್ದು ಮಾರುವವರನ್ನು ಹಿಡಿಯಿರಿ, ನಾವೂ ಜೊತೆಗಿರುತ್ತೇವೆ. ಆರೋಗ್ಯ ಸಚಿವರೇ, ಬ್ಯುಪ್ರೆನಾರ್ಫಿನ್ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಸಿಗಲಿ. ದಿನಾ ಬಂದು ಸಾಲಿನಲ್ಲಿ ನಿಲ್ಲಬೇಕು ಎಂದರೆ ಕೂಲಿ ಹೋಗುತ್ತದೆ, ಕೂಲಿ ಹೋದವನು ಎರಡನೇ ವಾರ ಬರುವುದಿಲ್ಲ. ಸ್ಥಿರವಾದವರಿಗೆ ಕೆಲವು ದಿನದ ಮಾತ್ರೆ ಮನೆಗೆ ಕೊಡಿ. ಜಾಸ್ತಿಯಾಗಿ ಉಸಿರು ನಿಂತವನನ್ನು ಎಬ್ಬಿಸುವ ನಾಲೊಕ್ಸೋನ್ ಔಷಧಿ ಪ್ರತಿ 108 ಆಂಬುಲೆನ್ಸ್‌ನಲ್ಲಿ ಇರಲಿ, ಮನೆಯವರ ಕೈಗೂ ಸಿಗಲಿ. ಅಮೆರಿಕದಲ್ಲಿ 2023ರಿಂದ ಅದು ಚೀಟಿ ಇಲ್ಲದೆ ಅಂಗಡಿಯಲ್ಲೇ ಸಿಗುತ್ತದೆ.

ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಮೊದಲು ಹೋದ ಒಂದು ಕಡೆ ಅವನನ್ನು ಹತ್ತು ದಿನ ಕೂಡಿಹಾಕಿ ವಾಪಸ್ ಕಳಿಸಿದರು, ಮನೆಗೆ ಬಂದ ಮೂರನೇ ದಿನವೇ ಮತ್ತೆ ಚುಚ್ಚಿಕೊಂಡ. ಆಮೇಲೆ ತಾಯಿ ಮಗ ಏಳು ಗಂಟೆ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋದರು. ನಿಮ್ಹಾನ್ಸ್‌ನ ಚಟ ಚಿಕಿತ್ಸಾ ವಿಭಾಗದಲ್ಲಿ ಈ ಮಾತ್ರೆ ಶುರು ಮಾಡಿದರು. ಹೆಪಟೈಟಿಸ್ ಸಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಪುಕ್ಕಟೆ ಔಷಧಿ ಸಿಕ್ಕಿತು, 12 ವಾರದಲ್ಲಿ ವಾಸಿಯಾಯಿತು. ಎಚ್‌ಐವಿ ಮಾತ್ರೆ ದಿನಾ ನುಂಗುತ್ತಾನೆ, ಬದುಕಿರುವವರೆಗೂ ನುಂಗಬೇಕು. ಈಗ ಒಂದು ಟೈರ್ ಅಂಗಡಿಯಲ್ಲಿ ಕೆಲಸ. ಹೋದ ತಿಂಗಳು ತಾಯಿಗೆ ಬಿಪಿ ಮಾತ್ರೆ ಒಯ್ಯಲು ಬಂದಿದ್ದ. ಅರ್ಧ ತೋಳಿನ ಅಂಗಿ ಹಾಕಿದ್ದ.

ಅವನ ಜೊತೆ ಸೂಜಿ ಹಂಚಿಕೊಂಡ ಇನ್ನಿಬ್ಬರು ಎಲ್ಲಿದ್ದಾರೋ ಅವನಿಗೂ ಗೊತ್ತಿಲ್ಲ.

ಸಚಿವರೇ, ಈಗ ನಾನು ಸಿರಿಂಜ್ ಕೊಡುತ್ತೇನೆ. ಚೀಟಿ ಕೇಳುವುದಿಲ್ಲ. ಹಳೆಯದನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ತಂದುಕೊಡು ಎನ್ನುತ್ತೇನೆ. ಕೆಲವರು ತರುತ್ತಾರೆ. ಪ್ರತಿ ಸಲ ಕೊಡುವಾಗ ಬಾಗಿಲ ಕಡೆ ಒಮ್ಮೆ ನೋಡುತ್ತೇನೆ, ಇವತ್ತಿಗೂ. ನಿಮ್ಮಿಬ್ಬರ ಸಹಿ ಇರುವ ಒಂದು ಪುಟದ ಸುತ್ತೋಲೆ ಕಳಿಸಿಕೊಡಿ. ಕೌಂಟರಿನ ಗಾಜಿನ ಮೇಲೆ ಅದಕ್ಕೆ ಜಾಗ ಬಿಟ್ಟಿದ್ದೇನೆ.

ಇಂತಿ ವಂದನೆಗಳೊಂದಿಗೆ,
ಒಬ್ಬ ಮೆಡಿಕಲ್ ಶಾಪ್‌ನವ